ಗರ್ಭದ ನೀರಿನಲ್ಲಿ ಏನೇನು ಗೊತ್ತಾಗುತ್ತದೆ?



ಈ ಸಲದ ಪತ್ರಗಳಲ್ಲಿ ಒಂದು ನಾಸಿಕದಿಂದ ಬಂದಿದೆ. ಮೊಬೈಲಿನಲ್ಲಿ ನಮ್ಮ ಕನ್ನಡ ಕಾರ್ಯಕ್ರಮ ಕೇಳುವ ಇವರು ಮೂಲತಃ ವಿಜಯಪುರದ ಕಡೆಯವರು. ಇವರ ತಂಗಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ 2023ರವರೆಗೆ ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ. ಈಗ ನಾಲ್ಕು ತಿಂಗಳ ಬಸುರಿ. ಚೊಚ್ಚಲ ಮಗು ಬೆನ್ನುಹುರಿಯ ದೋಷದಿಂದ ಉಳಿಯಲಿಲ್ಲ. ಈ ಸಲ ರಕ್ತಪರೀಕ್ಷೆಯಲ್ಲಿ ಏನೋ ಹೆಚ್ಚು ಬಂದಿದೆ, ಸ್ಕ್ಯಾನಿಂಗ್‌ನಲ್ಲಿ ಬೆನ್ನು ಸರಿಯಾಗಿ ಕಾಣುತ್ತಿಲ್ಲ, ಸೂಜಿ ಹಾಕಿ ನೀರು ತೆಗೆದು ನೋಡೋಣ ಎಂದಿದ್ದಾರೆ ಡಾಕ್ಟರು. "ನೀರು ತಗದ್ರ ಕೂಸಿಗೆ ತ್ರಾಸ ಆಗೂದಿಲ್ಲೇನು?" ಎಂಬುದು ಅಕ್ಕನ ಪ್ರಶ್ನೆ. ತಂಗಿಯ ಅತ್ತೆಯದು ಬೇರೆಯೇ: "ಗಂಡೋ ಹೆಣ್ಣೋ ಅದರಾಗ ತಿಳೀತದಂತಲ್ಲ?"

ಮೊದಲು ಅಕ್ಕನ ಪ್ರಶ್ನೆ. ಹೆರಿಗೆಯ ಹೊತ್ತಿಗೆ "ನೀರು ಒಡೆಯಿತು" ಎನ್ನುತ್ತೇವಲ್ಲ, ಅದೇ ಈ ಗರ್ಭಜಲ. ಮೊದಮೊದಲು ಇದು ತಾಯಿಯ ರಕ್ತದಿಂದ ಜಿನುಗಿದ್ದು. ಐದು ತಿಂಗಳ ಹೊತ್ತಿಗೆ ಬಹುಪಾಲು ಮಗುವಿನದೇ ಮೂತ್ರ! ಮಗು ಅದನ್ನು ನುಂಗುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಹೀಗೆ ಸದಾ ಹೊಸದಾಗುತ್ತಿರುವ ನೀರಿನಿಂದ ಪರೀಕ್ಷೆಗೆ ತೆಗೆಯುವುದು 15-20 ಮಿಲಿಲೀಟರ್, ಮೂರ್ನಾಲ್ಕು ಚಮಚದಷ್ಟು. ಅದು ಬೇಗ ತುಂಬಿಕೊಳ್ಳುತ್ತದೆ. ಆದರೆ ಸೂಜಿಯಿಂದ ಗರ್ಭಪಾತದ ಅಪಾಯ ಕಡಿಮೆಯೇ ಹೊರತು ಸೊನ್ನೆಯಲ್ಲ. ಕಾರಣವಿಲ್ಲದೆ ಯಾರೂ ಮಾಡಿಸಬಾರದು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಡಾಕ್ಟರಿಗೆ ಮುಂಚೆಯೇ ನೆನಪಿಸಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಈ ತಂಗಿಯ ನೀರಿನಲ್ಲಿ ಹುಡುಕುವುದು ಎ.ಎಫ್.ಪಿ. ಎಂಬ ಪ್ರೋಟೀನನ್ನು. ಮಗುವಿನ ಯಕೃತ್ತು ತಯಾರಿಸುವ ವಸ್ತು ಅದು. ಬೆನ್ನು ಮುಚ್ಚಿಕೊಳ್ಳದೆ ತೆರೆದೇ ಉಳಿದಿದ್ದರೆ ಅಲ್ಲಿಂದ ಸೋರಿ ನೀರಿನಲ್ಲಿ ಹೆಚ್ಚಾಗುತ್ತದೆ. 1972ರಲ್ಲಿ ಎಡಿನ್‌ಬರೋದ ಬ್ರಾಕ್ ಮತ್ತು ಸಟ್‌ಕ್ಲಿಫ್ ಇದನ್ನು ತೋರಿಸಿದರು. ಸಂಶಯವಿದ್ದರೆ ನರಗಳಿಂದ ಬರುವ ಇನ್ನೊಂದು ಕಿಣ್ವವನ್ನೂ ನೋಡುತ್ತಾರೆ.

ಇಷ್ಟೇ ಅಲ್ಲ. ನೀರು ಕಡು ಹಳದಿಯಾಗಿದ್ದರೆ ಮಗುವಿನ ರಕ್ತಕಣಗಳು ಒಡೆಯುತ್ತಿರಬಹುದು. ಆ ಹಳದಿಯನ್ನು ಅಳೆದು ಕಾಯಿಲೆ ಎಷ್ಟು ತೀವ್ರ ಎಂದು ಹೇಳುವ ನಕ್ಷೆಯನ್ನು ನ್ಯೂಜಿಲೆಂಡಿನ ಲೈಲಿ 1961ರಲ್ಲಿ ಕೊಟ್ಟರು. ನನಗೆ ಬಹಳ ಇಷ್ಟವಾದದ್ದು ಶ್ವಾಸಕೋಶದ ಪರೀಕ್ಷೆ. ಹುಟ್ಟಿದ ಕೂಡಲೇ ಉಸಿರಾಡಲು ಶ್ವಾಸಕೋಶದೊಳಗೆ ಸಾಬೂನಿನಂಥ ಒಂದು ಜಿಡ್ಡು ಬೇಕು. ಅದರಲ್ಲಿರುವ ಲೆಸಿಥಿನ್, ಸ್ಫಿಂಗೋಮೈಲಿನ್ ಎಂಬ ಇನ್ನೊಂದು ವಸ್ತುವಿನ ಎರಡು ಪಟ್ಟಾದರೆ ಶ್ವಾಸಕೋಶ ಪಕ್ವವಾಗಿದೆ ಎಂಬ ಲೆಕ್ಕವನ್ನು 1971ರಲ್ಲಿ ಅಮೆರಿಕದ ಗ್ಲಕ್ ತೋರಿಸಿದರು. ಯಂತ್ರವಿಲ್ಲದ ಕಡೆ ಇನ್ನೂ ಸುಲಭದ ಉಪಾಯವಿತ್ತು. ನೀರಿಗೆ ಆಲ್ಕೋಹಾಲ್ ಬೆರೆಸಿ ಚೆನ್ನಾಗಿ ಕುಲುಕುವುದು. ಹದಿನೈದು ನಿಮಿಷವಾದರೂ ಗುಳ್ಳೆಗಳ ಬಳೆ ಉಳಿದರೆ ಮಗು ಉಸಿರಾಟಕ್ಕೆ ಸಿದ್ಧ! ಈಗ ಇವೆಲ್ಲ ಅಪರೂಪ. ರಕ್ತಹೀನತೆಯನ್ನು ಡಾಪ್ಲರ್ ಸ್ಕ್ಯಾನಿಂಗ್ ತಿಳಿಸುತ್ತದೆ, ಅವಧಿಗೆ ಮುಂಚೆ ಹೆರಿಗೆಯಾಗುವಂತಿದ್ದರೆ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ.

ಇನ್ನು ಅತ್ತೆಯವರ ಪ್ರಶ್ನೆ. ಹೌದಮ್ಮ, ನೀರಿನಲ್ಲಿ ತೇಲುವ ಮಗುವಿನ ಜೀವಕೋಶಗಳಿಂದ ಅದೂ ತಿಳಿಯುತ್ತದೆ. ಅದೇ ನಮ್ಮ ದೇಶದಲ್ಲಿ ಆದ ಅನಾಹುತ. ಎಪ್ಪತ್ತರ ದಶಕದಲ್ಲಿ ರೋಗ ಪತ್ತೆಗೆಂದು ಬಂದ ಸೂಜಿ ಹೆಣ್ಣು ಭ್ರೂಣ ತೆಗೆಸಲು ಬಳಕೆಯಾಯಿತು. ಮುಂಬಯಿಯ ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ 1988ರಲ್ಲಿ ಮಹಾರಾಷ್ಟ್ರ ಇದಕ್ಕೆ ಕಾನೂನು ಮಾಡಿತು, ದೇಶದಲ್ಲೇ ಮೊದಲು. ಕೇಂದ್ರದ ಕಾನೂನು ಬಂದದ್ದು 1994ರಲ್ಲಿ. ಆದರೂ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಮಹಾರಾಷ್ಟ್ರದಲ್ಲಿ 2001ರ ಜನಗಣತಿಯಲ್ಲಿ 913 ಹೆಣ್ಣುಮಕ್ಕಳಿದ್ದರೆ, 2011ರಲ್ಲಿ 894! ಕಾನೂನು ಇದ್ದೂ ಇಳಿಯಿತು. ಲಿಂಗ ಹೇಳಿದ ಡಾಕ್ಟರಿಗೂ, ಕೇಳಿದ ಮನೆಯವರಿಗೂ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು. ಅತ್ತೆಯವರು ಆ ಪ್ರಶ್ನೆಯನ್ನು ಆಸ್ಪತ್ರೆಯ ಬಾಗಿಲೊಳಗೆ ಒಯ್ಯದಿರುವುದೇ ಒಳ್ಳೆಯದು.

ಇದೇ ಕಾನೂನಿನಲ್ಲಿ ನಮ್ಮಂಥ ಹೊರನಾಡ ಕನ್ನಡಿಗರಿಗೆ ಬಹಳ ಉಪಯೋಗದ ಮಾತೊಂದಿದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನೋಂದಾಯಿತ ಕೇಂದ್ರದಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಕು. ಅಪಾಯಗಳನ್ನೆಲ್ಲ ವಿವರಿಸಿ, ಬಸುರಿಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕು. ಅದರ ಪ್ರತಿಯನ್ನು ಅವಳ ಕೈಗೇ ಕೊಡಬೇಕು. ಒಪ್ಪಿಗೆ ಅವಳದು, ಗಂಡನದೂ ಅಲ್ಲ, ಅತ್ತೆಯದೂ ಅಲ್ಲ.

ಹಾಗಾಗಿ ನಾಸಿಕದ ಅಕ್ಕ, ಆ ದಿನ ನೀವು ತಂಗಿಯ ಜೊತೆ ಹೋಗಿಬನ್ನಿ. ನಮೂನೆ 'ಜಿ' ಎಂಬ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಸಹಿ ಮಾಡುವ ಮುಂಚೆ ಕನ್ನಡದಲ್ಲಿ ಕೊಡುವಂತೆ ಕೇಳಿ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಆ ಊರಿನವರು 'ಘಾಟಿ' ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ವಿಚಾರಿಸಬಹುದು. ಫಲಿತಾಂಶ ಬಂದ ಮೇಲೆ ನಮಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇವೆ.