ಲೂಲ್‌ಕಂದುರದ ಇಳಿಜಾರು

ಶ್ರೀಲಂಕೆಯ ಕ್ಯಾಂಡಿ ನಗರಕ್ಕೆ ಆಗ್ನೇಯದಲ್ಲಿ, ಹೇವಾಹೆಟ ಪ್ರಾಂತದ ಬೆಟ್ಟಗಳ ನಡುವೆ, ಲೂಲ್‌ಕಂದುರ ಎಂಬ ಚಹದ ತೋಟವಿದೆ. ಅದಕ್ಕಿಂತ ವಿಸ್ತಾರವಾದ ತೋಟಗಳು ಆ ದ್ವೀಪದಲ್ಲಿ ಎಷ್ಟೋ ಇವೆ. ಆದರೂ ಅಲ್ಲಿ ಚಹವು ವ್ಯಾಪಾರದ ಬೆಳೆಯಾಗಿ ಮೊದಲು ಬೇರೂರಿದ್ದು ಈ ನೆಲದಲ್ಲಿಯೇ. ಚಹ ಬೆಟ್ಟದಲ್ಲಿಯೇ ಬೆಳೆಯಬೇಕೆಂಬ ನಿಯಮವೇನೂ ಇಲ್ಲ. ಅಸ್ಸಾಮಿನ ಬಯಲಿನಲ್ಲಿಯೂ ಅದು ಸಮೃದ್ಧವಾಗಿ ಬೆಳೆಯುತ್ತದೆ. ಹಾಗಾದರೆ ಸಿಂಹಳದ್ವೀಪದಲ್ಲಿ ಅದು ಬೆಟ್ಟವನ್ನೇರಿದುದೇಕೆ? ಏರಿದ ಮೇಲೆ ಆ ಬೆಟ್ಟಕ್ಕೂ ಅಲ್ಲಿ ದುಡಿಯುವ ಜನಕ್ಕೂ ಏನಾಯಿತು? ಇವೆರಡನ್ನೂ ಇಲ್ಲಿ ವಿಚಾರಿಸೋಣ.

ಚಹಕ್ಕಿಂತ ಮೊದಲು ಆ ಬೆಟ್ಟಗಳನ್ನು ಆಳಿದುದು ಕಾಫಿ. ಪೆರಾದೆಣಿಯ ಸಸ್ಯೋದ್ಯಾನಕ್ಕೆ ೧೮೨೪ರಲ್ಲಿಯೇ ಚೀನಾದಿಂದ ಚಹದ ಗಿಡ ಬಂದಿತ್ತಾದರೂ ಯಾರೂ ಅದನ್ನು ಅಷ್ಟಾಗಿ ಲಕ್ಷಿಸಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ೧೮೩೫ರಲ್ಲಿ ಹುಟ್ಟಿದ ಜೇಮ್ಸ್ ಟೇಲರ್ ಎಂಬವನು ೧೮೫೨ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಈ ದ್ವೀಪಕ್ಕೆ ಬಂದು ಲೂಲ್‌ಕಂದುರವನ್ನು ಸೇರಿದನು. ಅವನು ೧೮೬೭ರಲ್ಲಿ ಅಲ್ಲಿಯ ೧೯ ಎಕರೆ ಭೂಮಿಯಲ್ಲಿ ಚಹವನ್ನು ನೆಟ್ಟನು. ಎರಡೇ ವರ್ಷಗಳ ಬಳಿಕ, ೧೮೬೯ರಲ್ಲಿ, ಕಾಫಿಗಿಡಗಳ ಎಲೆಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಇದೇ ಎಲೆತುಕ್ಕು ರೋಗ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರಿಗೂ ಇದು ಹಳೆಯ ಶತ್ರು. ಇದಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಹೆಮಿಲಿಯ ವಾಸ್ಟಾಟ್ರಿಕ್ಸ್. ಎಲೆಯ ಮೇಲೆ ನಿಂತ ನೀರಿನಲ್ಲಿ ಅದರ ಬೀಜಕಣಗಳು ಮೊಳೆತು, ಪತ್ರರಂಧ್ರಗಳ ಮೂಲಕ ಒಳಹೊಕ್ಕು, ಎಲೆಗಳು ಉದುರುವಂತೆ ಮಾಡುತ್ತವೆ. ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಜಾತಿಯ ಗಿಡ ಹಬ್ಬಿದ್ದುದರಿಂದ ರೋಗಕ್ಕೆ ತಡೆಯೇ ಇರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಕಾಫಿಯ ಉದ್ಯಮ ನೆಲಕಚ್ಚಿತು.

ಅಷ್ಟರಲ್ಲಿ ಟೇಲರ್ ತನ್ನ ಬಂಗಲೆಯ ಜಗಲಿಯನ್ನೇ ಕಾರ್ಖಾನೆಯಾಗಿ ಮಾಡಿಕೊಂಡಿದ್ದನು. ಚಿಗುರನ್ನು ಮೇಜಿನ ಮೇಲೆ ಕೈಯಿಂದ ಹೊಸೆದು, ಮಣ್ಣಿನ ಒಲೆಗಳಲ್ಲಿ ಇದ್ದಿಲಿನ ಕೆಂಡದ ಮೇಲೆ ಒಣಗಿಸುತ್ತಿದ್ದರು. ೧೮೭೩ರಲ್ಲಿ ೨೩ ಪೌಂಡುಗಳಷ್ಟು ಲೂಲ್‌ಕಂದುರದ ಚಹ ಲಂಡನ್ನಿಗೆ ಹೋಯಿತು. ಕಾಫಿಗಾಗಿ ಕಾಡು ಕಡಿದಿದ್ದ ಇಳಿಜಾರುಗಳಲ್ಲಿ ಚಹ ನೆಲೆಸತೊಡಗಿತು. ಬೆಟ್ಟವನ್ನೇರಿದುದಕ್ಕೆ ಇದು ಇತಿಹಾಸದ ಕಾರಣ. ಅಲ್ಲಿಯೇ ಅದು ಹೆಸರು ಗಳಿಸಿದುದಕ್ಕೆ ಭೌತಶಾಸ್ತ್ರದ ಕಾರಣವೂ ಉಂಟು.

ನೆಲದಿಂದ ಮೇಲೇರಿದಂತೆ ಗಾಳಿಯ ಒತ್ತಡ ಕಡಮೆಯಾಗುತ್ತದೆ. ಆದುದರಿಂದ ಮೇಲೇರುವ ಗಾಳಿ ಹಿಗ್ಗುತ್ತದೆ. ಹಿಗ್ಗುವಾಗ ಅದು ಸುತ್ತಣ ಗಾಳಿಯನ್ನು ಹಿಂದಕ್ಕೆ ತಳ್ಳಬೇಕು. ಈ ಕಾರ್ಯಕ್ಕೆ ಬೇಕಾದ ಶಕ್ತಿ ಅದರ ಸ್ವಂತ ಉಷ್ಣದಿಂದಲೇ ವೆಚ್ಚವಾಗುತ್ತದೆ. ಸರಾಸರಿಯಾಗಿ ಪ್ರತಿ ೧,೦೦೦ ಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು ೬.೫ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆ. ಕಡಲ ತೀರದ ಕೊಲಂಬೊವಿನಲ್ಲಿ ವರ್ಷದ ಸರಾಸರಿ ಉಷ್ಣತೆ ಸುಮಾರು ೨೭ ಡಿಗ್ರಿ. ಸುಮಾರು ೧,೯೦೦ ಮೀಟರ್ ಎತ್ತರದ ನುವರ ಎಲಿಯದಲ್ಲಿ ಎಷ್ಟಿರಬೇಕು? ಲೆಕ್ಕದಂತೆ ೧೨ ಡಿಗ್ರಿ ಕಡಮೆ, ಎಂದರೆ ೧೫ ಡಿಗ್ರಿ. ಅಲ್ಲಿ ವಾಸ್ತವವಾಗಿ ಇರುವುದು ೧೬ರಷ್ಟು. ತಂಪಿನಲ್ಲಿ ಚಿಗುರು ನಿಧಾನವಾಗಿ ಬೆಳೆಯುತ್ತದೆ, ಇಳುವರಿ ಕಡಮೆ. ಆದರೆ ಪರಿಮಳಕ್ಕೆ ಹೆಸರಾದುದು ಈ ಎತ್ತರದ ಚಹವೇ. ಆದುದರಿಂದಲೇ ಶ್ರೀಲಂಕೆಯಲ್ಲಿ ಚಹವನ್ನು ೬೦೦ ಮೀಟರಿಗಿಂತ ಕೆಳಗಿನದು, ೬೦೦ರಿಂದ ೧,೨೦೦ ಮೀಟರಿನವರೆಗಿನದು, ಅದಕ್ಕೂ ಮೇಲಿನದು ಎಂದು ಮೂರಾಗಿ ವಿಂಗಡಿಸುತ್ತಾರೆ.

ಮಳೆಯ ವಿಷಯವೂ ಹೀಗೆಯೇ. ನೈಋತ್ಯದ ಮಾನ್ಸೂನ್ ಗಾಳಿ ಬೆಟ್ಟಕ್ಕೆ ಎದುರಾಗಿ ಮೇಲೇರುವಾಗ ತಣಿಯುತ್ತದೆ. ಅದರಲ್ಲಿದ್ದ ಆವಿ ಹನಿಯಾಗಿ, ಪಶ್ಚಿಮದ ಓರೆಗಳಲ್ಲಿ ಮಳೆ ಸುರಿಯುತ್ತದೆ. ಅದೇ ಗಾಳಿ ಬೆಟ್ಟವನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಒತ್ತಲ್ಪಟ್ಟು ಬೆಚ್ಚಗಾಗುತ್ತದೆ, ಒಣಗುತ್ತದೆ. ನಮ್ಮ ಆಗುಂಬೆಯಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತಿರುವಾಗ ಚಿತ್ರದುರ್ಗ ಮುಗಿಲನ್ನು ನೋಡುತ್ತಿರುವುದಕ್ಕೂ ಇದೇ ಕಾರಣ. ಶ್ರೀಲಂಕೆಯ ಪೂರ್ವದ ಊವ ಪ್ರಾಂತದಲ್ಲಿ ಜುಲೈಯಿಂದ ಸೆಪ್ಟೆಂಬರಿನವರೆಗೆ ಬೀಸುವ ಈ ಒಣಗಾಳಿಯ ಕಾಲದ ಚಹಕ್ಕೆ ವಿಶೇಷವಾದ ಬೆಲೆ.

ಚಹಕ್ಕೆ ಮಳೆ ಬೇಕು, ಆದರೆ ಬೇರಿನ ಬಳಿ ನೀರು ನಿಲ್ಲಬಾರದು. ಆಮ್ಲೀಯವಾದ, ನೀರು ಸುಲಭವಾಗಿ ಬಸಿದುಹೋಗುವ ಮಣ್ಣು ಅದಕ್ಕೆ ಹಿತ. ಇಳಿಜಾರು ಇದನ್ನು ಒದಗಿಸುತ್ತದೆ. ಆದರೆ ನೀರನ್ನು ಹರಿಸುವ ಇಳಿಜಾರು ಮಣ್ಣನ್ನೂ ಹರಿಸುತ್ತದೆ. ಇಳಿಜಾರು ಕಡಿದಾದಷ್ಟೂ ನೀರಿನ ವೇಗ ಹೆಚ್ಚು; ವೇಗ ಹೆಚ್ಚಿದಷ್ಟೂ ಮಣ್ಣನ್ನು ಕಿತ್ತೊಯ್ಯುವ ಶಕ್ತಿ ಹೆಚ್ಚು. ಕಾಡಿದ್ದಾಗ ಎಲೆಗಳೂ ತರಗೂ ಹನಿಯ ಪೆಟ್ಟನ್ನು ತಡೆಯುತ್ತಿದ್ದವು. ಕಾಡು ಹೋದ ಮೇಲೆ ಆ ಕೆಲಸವನ್ನು ಒತ್ತಾಗಿ ನೆಟ್ಟ ಚಹದ ಗಿಡಗಳೂ ಸಮಪಾತಳಿಯ ಕಾಲುವೆಗಳೂ ಕಲ್ಲಿನ ತಡೆಗೋಡೆಗಳೂ ಮಾಡಬೇಕು. ಇವುಗಳನ್ನು ಕಡೆಗಣಿಸಿದ ತೋಟ ತನ್ನ ಬಂಡವಾಳವನ್ನೇ ಹೊಳೆಗೆ ಸುರಿದಂತೆ.

ಇದಕ್ಕಿಂತಲೂ ಭಯಂಕರವಾದುದು ಭೂಕುಸಿತ. ಓರೆ ಹಲಗೆಯ ಮೇಲೆ ಇಟ್ಟ ಇಟ್ಟಿಗೆ ಜಾರದಿರುವುದು ಘರ್ಷಣೆಯಿಂದ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬೆಟ್ಟದ ಮಣ್ಣೂ ಹೀಗೆಯೇ ನಿಂತಿದೆ. ಎಡೆಬಿಡದೆ ಮಳೆ ಸುರಿದಾಗ ಕಣಗಳ ನಡುವಣ ರಂಧ್ರಗಳಲ್ಲಿ ನೀರು ತುಂಬಿ, ಅದರ ಒತ್ತಡದಿಂದ ಕಣಗಳು ಒಂದನ್ನೊಂದು ಅದುಮುವ ಬಲ ತಗ್ಗುತ್ತದೆ, ಘರ್ಷಣೆಯೂ ತಗ್ಗುತ್ತದೆ. ಇತ್ತ ನೀರಿನಿಂದ ಮಣ್ಣಿನ ಭಾರ ಮಾತ್ರ ಹೆಚ್ಚಿರುತ್ತದೆ. ೨೦೧೪ರ ಅಕ್ಟೋಬರ್ ೨೯ರಂದು ಊವ ಪ್ರಾಂತದ ಮೀರಿಯಬೆದ್ದ ಎಂಬ ಚಹದ ತೋಟದಲ್ಲಿ ಬೆಟ್ಟ ಜಾರಿ, ಕೂಲಿಗಾರರ ಲೈನ್‌ಮನೆಗಳು ಮಣ್ಣಿನಡಿಯಲ್ಲಿ ಹೂತುಹೋದವು. ಆ ಸ್ಥಳ ಅಪಾಯಕರವೆಂದು ತಜ್ಞರು ಮೊದಲೇ ಎಚ್ಚರಿಸಿದ್ದರು.

ಆ ಮನೆಗಳಲ್ಲಿದ್ದವರು ಯಾರು? ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳುನಾಡಿನಿಂದ ಕಾಫಿಗಾಗಿಯೂ ಬಳಿಕ ಚಹಕ್ಕಾಗಿಯೂ ಕರೆತಂದ ಜನರ ಸಂತತಿಯವರು. ಬೆಟ್ಟವನ್ನು ತೋಟವಾಗಿಸಿದ ಕೈಗಳು ಅವರವು. ಆದರೆ ೧೯೪೮ರ ಪೌರತ್ವ ಕಾನೂನಿನಿಂದ ಅವರಲ್ಲಿ ಬಹುಮಂದಿ ಯಾವ ದೇಶದ ಪ್ರಜೆಗಳೂ ಅಲ್ಲದವರಾದರು. ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಅವರ ಒಪ್ಪಂದದಂತೆ ೫,೨೫,೦೦೦ ಮಂದಿಯನ್ನು ಭಾರತವೂ ೩,೦೦,೦೦೦ ಮಂದಿಯನ್ನು ಸಿಲೋನೂ ಸ್ವೀಕರಿಸಬೇಕೆಂದು ಗೊತ್ತಾಯಿತು. ಹಾಗೆ ಮರಳಿದವರಲ್ಲಿ ಕೆಲವರು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಸಿದರು. ಅಲ್ಲಿಯೇ ಉಳಿದ, ಪೌರತ್ವವಿಲ್ಲದ ಜನರಿಗೆ ಅದು ದೊರೆಯಲು ೨೦೦೩ರ ಕಾನೂನಿನವರೆಗೆ ಕಾಯಬೇಕಾಯಿತು.

ಟೇಲರ್ ೧೮೯೨ರಲ್ಲಿ ತೀರಿಕೊಂಡನು. ಅವನು ನೆಟ್ಟ ಬೆಳೆ ಇಂದಿಗೂ ದ್ವೀಪದ ಮುಖ್ಯ ರಫ್ತುಗಳಲ್ಲೊಂದು. ಎತ್ತರವೂ ಮಾನ್ಸೂನೂ ಬೆಟ್ಟದ ಕೊಡುಗೆ. ಅವು ತಮ್ಮಷ್ಟಕ್ಕೆ ಒದಗುತ್ತವೆ. ಮಣ್ಣನ್ನು ಹಿಡಿದು ನಿಲ್ಲಿಸುವುದು, ಇಳಿಜಾರಿನ ಕೆಳಗೆ ಮಲಗುವವರಿಗೆ ಭದ್ರವಾದ ಸ್ಥಳದಲ್ಲಿ ಮನೆ ಕಟ್ಟಿಕೊಡುವುದು ಮಾತ್ರ ಮನುಷ್ಯರು ಮಾಡಬೇಕಾದ ಕೆಲಸ. ಯಾವ ಇಳಿಜಾರು ಎಷ್ಟು ಮಳೆಗೆ ಜಾರೀತೆಂಬುದನ್ನು ಅಂದಾಜು ಮಾಡಲು ಇಂದು ಮಳೆಮಾಪಕವಿದೆ, ನಕ್ಷೆಯಿದೆ, ಲೆಕ್ಕವಿದೆ. ಆ ಲೆಕ್ಕ ಲೈನ್‌ಮನೆಯ ಬಾಗಿಲಿಗೆ ಮಳೆಗಿಂತ ಮೊದಲು ತಲುಪಬೇಕು.