ಹುಲ್ಲುಗಾವಲಿಗೆ ಬಂದ ವಿದ್ಯಾಲಯ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿ ಬಂದವರು ಅನೇಕರು. ಹಿರಿಯೂರಿನ ಬಳಿಯ ಮಾರಿಕಣಿವೆಯ ಅಣೆಕಟ್ಟನ್ನು ಕಂಡು ಬೆರಗಾದವರೂ ಕಡಿಮೆಯಿಲ್ಲ. ಆದರೆ ಅದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಬಯಲನ್ನು ನೋಡಲೆಂದೇ ಹೋದವರು ವಿರಳ. ವರ್ಷಕ್ಕೆ 500 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಆ ಸೀಮೆಯಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವವರೇ ಹೆಚ್ಚು. ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುನಡುವೆ ಜಾಲಿಯ ಮರ, ಅಲ್ಲೊಂದು ಇಲ್ಲೊಂದು ಕುರಿಮಂದೆ. ಹೊರಗಿನವರಿಗೆ ಅದು ಬರಿಯ ಬೀಳು. ಅದರ ಅಂಚಿನ ಹಳ್ಳಿಗಳವರಿಗೆ ಮಾತ್ರ ಅದು ‘ಕಾವಲು’. ಅವರ ಬದುಕಿಗೆ ಆಧಾರ.

ಈ ಬಯಲಿಗೆ ಈಚಿನ ವರ್ಷಗಳಲ್ಲಿ ಒಂದು ಹಿರಿಯ ವಿದ್ಯಾಲಯ ಬಂದಿತು. ಅದರ ಹಿಂದೆಯೇ ಪ್ರಯೋಗಶಾಲೆಗಳು ಬಂದವು, ಗೋಡೆಗಳು ಎದ್ದವು. ವಿದ್ಯೆ ಬೇಡವೆಂದು ಯಾರೂ ಹೇಳಲಿಲ್ಲ. ದನ ನಡೆಯುವ ದಾರಿ ಎಲ್ಲಿ ಎಂದು ಮಾತ್ರ ಕೇಳಿದರು. ಆ ಪ್ರಶ್ನೆ ಹಳ್ಳಿಯ ಕಟ್ಟೆಯಿಂದ ಹೊರಟು ಚೆನ್ನೈನ ನ್ಯಾಯಪೀಠದವರೆಗೂ ನಡೆಯಿತು.

ಬೆಣ್ಣೆ ಚಾವಡಿಯ ಕಥೆ

ಕಾವಲುಗಳ ಇತಿಹಾಸ ಬಹಳ ಹಿಂದಿನದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗಾಗಿ ಗೋಸಂಪತ್ತನ್ನು ಬೆಳೆಸಿ, ಅದರ ಆಡಳಿತಕ್ಕೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿದರು. ಹೈದರಾಲಿಯು ಈ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದನು. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ನೀಳವಾದ ಕೊಂಬು, ಬಿಗಿಯಾದ ಮೈಕಟ್ಟು, ಯಾವ ಬಿಸಿಲಿಗೂ ಬಗ್ಗದ ನಡಿಗೆ. ಇವು ಈ ತಳಿಯ ಲಕ್ಷಣಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರೂ ಇವುಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. 1860ರಲ್ಲಿ ಖರ್ಚು ಹೆಚ್ಚೆಂದು ಮಂದೆಗಳನ್ನು ಮಾರಿಬಿಟ್ಟ ಸರ್ಕಾರವು, ಎತ್ತುಗಳಿಲ್ಲದೆ ತೊಂದರೆಯಾದುದನ್ನು ಕಂಡು 1866ರಲ್ಲಿ ಮತ್ತೆ ಕೂಡಿಹಾಕಬೇಕಾಯಿತು.

ಇಂಥ ಮಂದೆಗಳು ಒಂದೇ ಕಡೆ ಮೇಯ್ದರೆ ಹುಲ್ಲು ಉಳಿಯುವುದುಂಟೆ? ಅದಕ್ಕಾಗಿ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಒಂದು ಬಯಲು ದಣಿದಾಗ ಮಂದೆ ಮತ್ತೊಂದಕ್ಕೆ ಸರಿಯುತ್ತಿತ್ತು. ದಣಿದ ನೆಲ ಮರುಮಳೆಗೆ ಚಿಗುರುತ್ತಿತ್ತು. ಕಾವಲಿನಷ್ಟೇ ಕಾವಲುಗಳ ನಡುವಣ ದಾರಿಯೂ ಮುಖ್ಯವಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ದಾರಿ ತಪ್ಪಿದರೆ ಇಡೀ ವ್ಯವಸ್ಥೆಯೇ ತಪ್ಪುತ್ತದೆ.

ಹೊಸದುರ್ಗಕ್ಕೆ ಸಮೀಪದ ಅಜ್ಜಂಪುರದಲ್ಲಿಯೂ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಎಮ್ಮಿಗನೂರಿನಲ್ಲಿಯೂ ಸರ್ಕಾರವು ಈ ತಳಿಯನ್ನು ಕಾಪಾಡಲು ಸಂವರ್ಧನ ಕೇಂದ್ರಗಳನ್ನು ನಡೆಸುತ್ತ ಬಂದಿದೆ. ಒಂದು ಕೈ ಹಸುವನ್ನು ಸಾಕುತ್ತಿರುವಾಗ ಇನ್ನೊಂದು ಕೈ ಹುಲ್ಲನ್ನು ಹಂಚಿಕೊಟ್ಟಿತು.

ಪತ್ರವಿಲ್ಲದ ಆಸ್ತಿ

ಅರಸರ ಮಂದೆಗಳು ಕರಗಿದರೂ ಕಾವಲುಗಳು ಬರಿದಾಗಲಿಲ್ಲ. ಸುತ್ತಣ ಹಳ್ಳಿಗಳ ದನ, ಕುರಿ, ಮೇಕೆಗಳು ಅಲ್ಲಿ ಮೇಯ್ದವು. ಚಳ್ಳಕೆರೆಯ ಕರಿಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರುಂಟು. ಆ ಕಂಬಳಿಯ ಉಣ್ಣೆ ಬೆಳೆಯುವುದು ಕುರಿಯ ಮೈಮೇಲೆ, ಕುರಿ ಬೆಳೆಯುವುದು ಕಾವಲಿನ ಹುಲ್ಲಿನ ಮೇಲೆ. ಮ್ಯಾಸಬೇಡ ಸಮುದಾಯದವರು ‘ದೇವರ ಎತ್ತು’ಗಳೆಂದು ಮುಡಿಪಾಗಿಟ್ಟ ಮಂದೆಗಳನ್ನು ಕಿಲಾರಿಗಳು ಇಂದಿಗೂ ಭಕ್ತಿಯಿಂದ ಕಾಯುತ್ತಾರೆ. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ. ಮೇವಿಲ್ಲವೆಂದು ಸಂತೆಗೆ ಅಟ್ಟುವಂತೆಯೂ ಇಲ್ಲ.

ಆದರೆ ಈ ನೆಲಕ್ಕೆ ಹಳ್ಳಿಯವರ ಹೆಸರಿನಲ್ಲಿ ಪತ್ರವಿಲ್ಲ. ತಲೆಮಾರುಗಳಿಂದ ಮೇಯಿಸಿದರೂ ಪಹಣಿಯಲ್ಲಿ ಅದು ಸರ್ಕಾರದ ಜಮೀನು. ರೈತನೊಬ್ಬನ ಹೊಲ ಹೋದರೆ ಅದಕ್ಕೆ ಬೆಲೆ ಕಟ್ಟುವ ಕಾನೂನು ಉಂಟು. ಎಲ್ಲರೂ ಬಳಸುತ್ತಿದ್ದ, ಯಾರ ಹೆಸರಿನಲ್ಲೂ ಇಲ್ಲದ ಹುಲ್ಲು ಹೋದರೆ ಬೆಲೆ ಕಟ್ಟುವುದು ಹೇಗೆ, ಕೊಡುವುದು ಯಾರಿಗೆ? ವಿವಾದದ ತಿರುಳು ಇಲ್ಲಿಯೇ ಇದೆ.

ಬಂದ ಸಂಸ್ಥೆಗಳು

2010ರ ಆಸುಪಾಸಿನ ವರ್ಷಗಳಲ್ಲಿ ಖುದಾಪುರ, ವರವು, ಉಳ್ಳಾರ್ತಿ ಮೊದಲಾದ ಕಡೆಯ ಕಾವಲುಗಳನ್ನು ಸರ್ಕಾರವು ಹಂಚಿಕೊಟ್ಟಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಶೋಧನ ಸಂಸ್ಥೆಗೆ 573 ಎಕರೆ ದೊರಕಿತು. ಸೂರ್ಯಶಕ್ತಿಯ ಉದ್ಯಮಕ್ಕೆಂದು ಖಾಸಗಿ ಕಂಪನಿಯೊಂದಕ್ಕೂ 1,250 ಎಕರೆ ಸಂದಿತು. ಎಣ್ಣೆಗಿರಣಿಗಳಿಂದ ಹೆಸರಾಗಿದ್ದ ಚಳ್ಳಕೆರೆಗೆ ‘ವಿಜ್ಞಾನ ನಗರಿ’ ಎಂಬ ಹೊಸ ಬಿರುದು ಬಂದಿತು.

ಇವುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿಗರು ಬಹುಕಾಲ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆದ ಈ ವಿದ್ಯಾಲಯಕ್ಕೆ ಮೈಸೂರು ಸಂಸ್ಥಾನವು 1907ರಲ್ಲಿ 371 ಎಕರೆ ನೆಲವನ್ನು ದಾನವಾಗಿ ಕೊಟ್ಟಿತ್ತು. ಮಾರಿಕಣಿವೆಯ ಅಣೆಕಟ್ಟು ಮುಗಿದುದೂ ಅದೇ ವರ್ಷ. ನಾಡಿನ ಅಭ್ಯುದಯಕ್ಕೆ ವಿದ್ಯೆ ನೀರು ಎರಡೂ ಬೇಕೆಂದು ನಂಬಿದ ಕಾಲ ಅದು. ಒಂದು ಶತಮಾನದ ತರುವಾಯ ಅದೇ ವಿದ್ಯಾಲಯಕ್ಕೆ ಚಳ್ಳಕೆರೆಯಲ್ಲಿ ದೊರೆತ ನೆಲ ಮೊದಲಿನದರ ನಾಲ್ಕು ಪಟ್ಟು.

ಅಲ್ಲಿ ಮೊದಲು ಆರಂಭವಾದ ಕೆಲಸಗಳಲ್ಲಿ ಮೇಷ್ಟರುಗಳಿಗೆ ಪಾಠ ಹೇಳುವುದೂ ಒಂದು ಎಂಬುದು ಸಂತೋಷದ ಸಂಗತಿ. ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಹಾಗೂ ಗಣಿತದ ಅಧ್ಯಾಪಕರು ಅಲ್ಲಿಗೆ ಬಂದು, ತಂಗಿ, ಪ್ರಯೋಗಗಳನ್ನು ತಮ್ಮ ಕೈಯಿಂದಲೇ ಮಾಡಿ ಕಲಿತು ಹಿಂದಿರುಗುತ್ತಾರೆ. ಹಳ್ಳಿಯ ಶಾಲೆಯ ಹುಡುಗನಿಗೆ ಇದರಿಂದ ಲಾಭವಿಲ್ಲವೆನ್ನುವಂತಿಲ್ಲ.

ಗೋಡೆ ಎದ್ದ ಮೇಲೆ

ಆದರೆ ನೆಲ ಕೈಬದಲಾದ ಸುದ್ದಿ ಹಲವು ಹಳ್ಳಿಗರಿಗೆ ತಿಳಿದುದು ಬೇಲಿ ಗೋಡೆಗಳು ಏಳತೊಡಗಿದಾಗಲೇ. ತಮ್ಮನ್ನು ಕೇಳದೆ ಕೊಟ್ಟರೆಂಬುದು ಅವರ ಮೊದಲ ದೂರು. ದನಕರುಗಳ ಹಾದಿ ಮುಚ್ಚಿತೆಂಬುದು ಎರಡನೆಯದು. ಒಂದು ಮೈಲಿಯ ದಾರಿ ಸುತ್ತುಬಳಸಾದರೆ ಮನುಷ್ಯ ಹೇಗೋ ನಡೆದಾನು. ಬೇಸಗೆಯಲ್ಲಿ ನೀರಿಗೆ ಹೊರಟ ಈಯುವ ಕುರಿ ನಡೆದೀತೆ? ಕಾರಿಗೆ ಅನುಕೂಲವಾದ ರಸ್ತೆ ಮಂದೆಗೆ ದಾರಿಯಾಗಲಾರದು. ಮಂದೆಗೆ ಅಗಲವೂ ಬೇಕು, ಇಕ್ಕೆಲದಲ್ಲಿ ಬಾಯಾಡಿಸಲು ಹುಲ್ಲೂ ಬೇಕು.

ಹಳ್ಳಿಗರು ಹೋರಾಟ ಸಮಿತಿಯನ್ನು ಕಟ್ಟಿಕೊಂಡರು. 2013ರಲ್ಲಿ ಬೆಂಗಳೂರಿನ ಪರಿಸರ ಸಂಘಟನೆಯೊಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮೆಟ್ಟಿಲೇರಿತು. ಕಾವಲು ಬೀಳಲ್ಲ, ಕೃಷ್ಣಮೃಗಗಳೂ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೂ ಬಾಳುವ ಜೀವಂತ ಬಯಲು ಎಂಬುದು ಅವರ ವಾದ. ದೇಶದ ರಕ್ಷಣೆಗೂ ವಿಜ್ಞಾನಕ್ಕೂ ವಿಶಾಲವಾದ, ಜನವಸತಿ ವಿರಳವಾದ ನೆಲ ಅಗತ್ಯ, ಕೊಟ್ಟಿರುವುದು ಸರ್ಕಾರದ ಜಮೀನು ಎಂಬುದು ಎದುರು ಪಕ್ಷದ ವಾದ. ಪೀಠವು ಇಬ್ಬರ ಸಮಿತಿಯೊಂದನ್ನು ಸ್ಥಳಕ್ಕೆ ಕಳುಹಿಸಿ ವರದಿ ತರಿಸಿಕೊಂಡಿತು. 2014ರ ಆಗಸ್ಟ್ 27ರಂದು ತೀರ್ಪು ಹೊರಬಿದ್ದಿತು. ಯೋಜನೆಗಳಿಗೆ ಪರಿಸರ ಕಾನೂನಿನ ಷರತ್ತುಗಳನ್ನು ವಿಧಿಸಿದ ಪೀಠವು ಸಂಸ್ಥೆಗಳಿಗೆ ಕೊಟ್ಟ ನೆಲವನ್ನು ಹಿಂದಕ್ಕೆ ಪಡೆಯಲು ಹೇಳಲಿಲ್ಲ.

ಇದಕ್ಕೆ ಮೂರು ವರ್ಷ ಮೊದಲು, 2011ರ ಜನವರಿ 28ರಂದು, ಪಂಜಾಬಿನ ಹಳ್ಳಿಯೊಂದರ ಕೆರೆಯ ಮೊಕದ್ದಮೆಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಊರೊಟ್ಟಿನ ನೆಲಗಳನ್ನು ಊರಿಗೇ ಉಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತ್ತು. ಭೂಹೀನರಿಗೆ ಕೊಟ್ಟ ನೆಲ, ಆಗಲೇ ಶಾಲೆಯೋ ಆಸ್ಪತ್ರೆಯೋ ನಿಂತಿರುವ ನೆಲ, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಶಾಲೆಗೆ ನೆಲ ಬಿಡುವುದು ಧರ್ಮವೆಂದು ನ್ಯಾಯಾಲಯವೂ ಒಪ್ಪಿದೆ, ಹಳ್ಳಿಯೂ ಒಪ್ಪುತ್ತದೆ. ಆದರೆ ಆ ಶಾಲೆ ಎಷ್ಟು ದೊಡ್ಡದು, ಉಳಿದವರ ಪಾಲಿಗೆ ಎಷ್ಟು ಬಿಟ್ಟೀತು ಎಂಬ ಮಾತು ಅಲ್ಲಿಗೆ ಮುಗಿಯುವುದಿಲ್ಲ.

ಇಂದಿನ ಬಯಲು

ವಿಜ್ಞಾನವಂತೂ ಸುಮ್ಮನೆ ಕುಳಿತಿಲ್ಲ. 2017ರ ಮೇ ತಿಂಗಳಿನಲ್ಲಿ ರಕ್ಷಣಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರ ಉದ್ಘಾಟನೆಯಾಯಿತು. ಅದರ ಓಡುದಾರಿಯಲ್ಲಿಯೇ 2023ರ ಏಪ್ರಿಲಿನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಎರಡು ಬಾರಿ, ಮರಳಿ ಬಳಸಬಲ್ಲ ಬಾಹ್ಯಾಕಾಶ ವಾಹನದ ಮಾದರಿಯು ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನಾಗಿಯೇ ನೆಲಕ್ಕಿಳಿಯಿತು. ದೇಶಕ್ಕೆ ಹೆಮ್ಮೆಯ ವಿಷಯ. 2023ರ ಆಗಸ್ಟಿನಲ್ಲಿ ಪರೀಕ್ಷೆಗೆಂದು ಹಾರಿದ್ದ ಚಾಲಕನಿಲ್ಲದ ವಿಮಾನವೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಾಗ ನೋಡಲು ಊರಿಗೆ ಊರೇ ನೆರೆದಿತ್ತು.

ಓಡುದಾರಿಯನ್ನು ಮತ್ತೆ ಹುಲ್ಲಾಗಿಸುವುದು ಈಗ ಆಗದ ಮಾತು. ಆದರೆ ಆಗುವ ಕೆಲಸಗಳೂ ಉಳಿದಿವೆ. ಉಳಿದ ಕಾವಲುಗಳನ್ನು ಅಳೆದು, ಗುರುತುಕಲ್ಲು ನೆಟ್ಟು, ಮೇಯಿಸುವ ಹಕ್ಕನ್ನು ಊರಿನ ಹೆಸರಿಗೆ ಬರೆಯಬಹುದು. ಒಂದು ಕಾವಲಿನಿಂದ ಇನ್ನೊಂದಕ್ಕೆ ಮಂದೆ ಹೋಗುವ ದಾರಿಯನ್ನು ನಕ್ಷೆಯಲ್ಲಿ ತೋರಿಸಬಹುದು. ನಕ್ಷೆಯಲ್ಲಿ ಇಲ್ಲದ ದಾರಿ ಮುಚ್ಚಿಹೋದರೆ ಕೇಳುವವರಿಲ್ಲ. ಹುಲ್ಲು ಮಣ್ಣುಗಳನ್ನು ಬಲ್ಲ ವಿದ್ವಾಂಸರು ಹಿರಿಯ ವಿದ್ಯಾಲಯದಲ್ಲಿಯೇ ಇದ್ದಾರೆ. ಅವರ ವಿದ್ಯೆ ಗೋಡೆಯಾಚೆಯ ಬಯಲಿಗೂ ಸಲ್ಲಬಹುದು.

ಬೆಂಗಳೂರಿನ ವಿದ್ಯಾಲಯವು ಸಂಸ್ಥಾನದ ದಾನದಿಂದ ನಿಂತಿತು. ದಾನಿಯ ಹೆಸರನ್ನು ಇತಿಹಾಸ ಬರೆದಿಟ್ಟಿದೆ. ಚಳ್ಳಕೆರೆಯ ವಿದ್ಯಾಲಯಕ್ಕೆ ನೆಲ ಬಂದುದು ಸರ್ಕಾರದ ಆದೇಶದಿಂದ. ಅದಕ್ಕಾಗಿ ಮೇವು ಬಿಟ್ಟುಕೊಟ್ಟವರು ಕುರಿಗಾಹಿಗಳು. ಅವರ ಹೆಸರು ಯಾವ ಕಡತದಲ್ಲಿಯೂ ಇಲ್ಲ.