ಕತ್ತರಿ ಹಿಡಿದ ಜಾಝ್

ಎಲೆಕ್ಟ್ರಾನಿಕ್ ಸಂಗೀತವನ್ನೇ ಕೇಳಿ ಬೆಳೆದ ತರುಣರು ಜಾಝ್ ಫ್ಯೂಷನ್ ಎಂದರೆ ಬೆರಳುಗಳ ಕಸರತ್ತೆಂದು ದೂರವಿಡುವುದುಂಟು. ಅವರಿಗೆ ನನ್ನ ಮೊದಲ ಶಿಫಾರಸು ಮೈಲ್ಸ್ ಡೇವಿಸ್ ಅವರ 'ಇನ್ ಎ ಸೈಲೆಂಟ್ ವೇ' (1969). ಮೂವರು ನುಡಿಸುವ ಎಲೆಕ್ಟ್ರಿಕ್ ಕೀಬೋರ್ಡ್‌ಗಳ ನಾದ ಇಲ್ಲಿ ಮಂಜಿನಂತೆ ಹರಡಿಕೊಳ್ಳುತ್ತದೆ. ನಿರ್ಮಾಪಕ ಟಿಯೊ ಮೆಸೆರೊ ಟೇಪನ್ನು ಕತ್ತರಿಸಿ, ಎರಡೂ ಬದಿಗಳಲ್ಲಿ ಆರಂಭದ ಭಾಗವನ್ನೇ ಕೊನೆಗೆ ಮತ್ತೆ ಜೋಡಿಸಿದರು. ಕಲಾವಿದರು ಅದನ್ನು ಎರಡನೆಯ ಬಾರಿ ನುಡಿಸಲೇ ಇಲ್ಲ. ಆದರೂ ನಡುವಿನ ಬಿರುಸನ್ನು ದಾಟಿ ಮರಳಿದ ಸ್ವರ ಬೇರೆಯದೇ ಆಗಿ ಕೇಳಿಸುತ್ತದೆ. ಇಂದಿನ ಕಂಪ್ಯೂಟರ್ ಲೂಪ್ ನಂಬಿರುವುದೂ ಇದನ್ನೇ. ಯಂತ್ರದ ಪುನರಾವರ್ತನೆ ಸಂಗೀತವಾಗಲಾರದೆಂದು ವರ್ಷಗಟ್ಟಲೆ ವಾದಿಸಿದ ನಾನು ಸೋತದ್ದು ಈ ಆಲ್ಬಮಿನೆದುರು.

ಅನಂತರ ಹರ್ಬಿ ಹ್ಯಾಂಕಾಕ್ ಅವರ 'ಹೆಡ್ ಹಂಟರ್ಸ್' (1973). ಹದಿನೈದು ನಿಮಿಷಗಳಿಗೂ ಮೀರಿದ 'ಕಮೀಲಿಯನ್' ರಚನೆಯನ್ನು ಹೊತ್ತು ನಡೆಯುವ ಮಂದ್ರದ ವರಸೆ ಗಿಟಾರಿನದಲ್ಲ, ಆರ್ಪ್ ಒಡಿಸ್ಸಿ ಸಿಂಥಸೈಸರಿನದು. ಕುಣಿತ ಬಲ್ಲವರಿಗೆ ಇದು ಸುಲಭದ ಬಾಗಿಲು. ಆದರೆ ಇಲ್ಲಿಂದಲೇ ಹೊರಟರೆ ಡೇವಿಸ್ ತೀರಾ ನಿಧಾನವೆನಿಸಿಯಾರು.

ಧೈರ್ಯವುಳ್ಳವರು ಅದೇ ವರ್ಷ, ತುಸು ಮೊದಲು ಬಂದ ಹ್ಯಾಂಕಾಕ್‌ರ 'ಸೆಕ್ಸ್‌ಟೆಂಟ್' ಹುಡುಕಲಿ. ಪ್ಯಾಟ್ರಿಕ್ ಗ್ಲೀಸನ್‌ರ ಸಿಂಥಸೈಸರ್ ಅಲ್ಲಿ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಅಂದು ಅದು ಹೆಚ್ಚು ಮಾರಾಟವಾಗಲಿಲ್ಲ. ಅರ್ಥಶಾಸ್ತ್ರ ಓದಿದವನಾದರೂ ಮಾರುಕಟ್ಟೆಯ ಆ ತೀರ್ಪನ್ನು ನಾನು ಒಪ್ಪಲಾರೆ.